ಸೈಟಲ್ಲಿ ಎರಡು ವರ್ಷ, ಸಂಬಳ 22 ಸಾವಿರ. ಮುಂದೇನು?

ಸೈಟ್‌ಹುಡುಗ:
ನಾನು ದಾವಣಗೆರೆ ಕಡೆಯವನು. ಬಿಇ ಸಿವಿಲ್ ಮುಗಿಸಿ ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟ್ ಸೈಟಲ್ಲಿ ಇದ್ದೇನೆ. 18 ಸಾವಿರಕ್ಕೆ ಸೇರಿದ್ದು, ಈಗ 22. ಬೆಳಿಗ್ಗೆ 8ಕ್ಕೆ ಹೋದರೆ ಸ್ಲ್ಯಾಬ್ ಹಾಕುವ ದಿನ ರಾತ್ರಿ 1 ಗಂಟೆಯೂ ಆಗುತ್ತದೆ, ಭಾನುವಾರ ಅನ್ನೋದು ಹೆಸರಿಗಷ್ಟೇ. ನಮ್ಮ ಸೆಂಟ್ರಿಂಗ್ ಮೇಸ್ತ್ರಿ ನನಗಿಂತ ಜಾಸ್ತಿ ಸಂಪಾದಿಸುತ್ತಾರೆ, ಅದಕ್ಕೆ ಬೇಜಾರಿಲ್ಲ, ಅವರಿಗೆ ಕೆಲಸ ಗೊತ್ತು. ಜೊತೆಗೆ ಓದಿದವರು ಕೋಡಿಂಗ್ ಕಲಿತು ಐಟಿಗೆ ಹೋದರು. ಅಪ್ಪ ಪಿಡಬ್ಲ್ಯೂಡಿ ಪರೀಕ್ಷೆ ಬರಿ ಅಂತಾರೆ. ಪರೀಕ್ಷೆಗೆ ಕೂರ್ಲಾ, ಎಂಟೆಕ್ ಮಾಡ್ಲಾ, ಫೀಲ್ಡೇ ಬಿಡ್ಲಾ?

ಅಳತೆಟೇಪು:
ಸೈಟಲ್ಲಿ ನೀವು ಏನು ಮಾಡ್ತೀರಿ ಅಂತ ಹೇಳಲೇ ಇಲ್ಲ ನೋಡಿ. ಕಾಂಕ್ರೀಟ್ ಎಷ್ಟು ತೆಳು ಅಂತ ಸ್ಲಂಪ್ ನೋಡೋದು, ಗಟ್ಟಿತನದ ಪರೀಕ್ಷೆಗೆ ಕ್ಯೂಬ್ ತುಂಬಿಸೋದು, ಲೇಬರ್ ಹಾಜರಿ ಬರೆಯೋದು ಇಷ್ಟೇ ಆದರೆ ಸಂಬಳ ಹೀಗೇ ತೆವಳುತ್ತದೆ, ಯಾಕಂದ್ರೆ ಆ ಕೆಲಸಕ್ಕೆ ಪ್ರತಿ ವರ್ಷ ಹೊಸ ಹುಡುಗರು ಸಿಗುತ್ತಾರೆ. ದುಡ್ಡು ಇರೋದು ಅಳತೆಯಲ್ಲಿ. ಡ್ರಾಯಿಂಗ್ ಇಟ್ಟುಕೊಂಡು ಬಿಬಿಎಸ್ (ಯಾವ ಕಂಬಿ, ಎಷ್ಟು ಉದ್ದ, ಎಷ್ಟು ಅನ್ನೋ ಪಟ್ಟಿ) ನೀವೇ ತೆಗೀರಿ. ಕಾಂಟ್ರಾಕ್ಟರ್ ಆಗಾಗ ಮುಗಿದಷ್ಟು ಕೆಲಸಕ್ಕೆ ಕೊಡುವ ಆರ್‌ಎ ಬಿಲ್ಲನ್ನು ಸಾಲು ಸಾಲು ನೋಡಿ. ಪ್ಲಾಸ್ಟರಿಂಗ್‌ನಲ್ಲಿ 0.5 ಚದರ ಮೀಟರ್‌ವರೆಗಿನ ಕಿಂಡಿಯನ್ನು ಕಳೆಯೋದಿಲ್ಲ, ಅದಕ್ಕಿಂತ ದೊಡ್ಡ ಕಿಟಕಿ ಬಾಗಿಲಿಗೆ ಲೆಕ್ಕ ಬೇರೆ, ಎಲ್ಲ ಕಟ್ಟಡ ಕೆಲಸದ ಅಳತೆಯ ಭಾರತೀಯ ಮಾನಕ ಐಎಸ್ 1200ರಲ್ಲಿದೆ. ನಾನು ಒಮ್ಮೆ ಬಾಗಿಲುಗಳನ್ನು ಕಳೆಯದೇ ಹಾಕಿದ್ದ ಬಿಲ್ ಹಿಡಿದೆ, ಎರಡು ತಿಂಗಳಲ್ಲೇ ನನ್ನನ್ನು ಬಿಲ್ಲಿಂಗ್‌ಗೆ ಹಾಕಿದರು. ನಾಲ್ಕನೇ ವರ್ಷಕ್ಕೆ 45 ಸಾವಿರ ಆಯ್ತು. ಬಿಸಿಲೂ ಕಮ್ಮಿ.

ಎಂಬಿ_ಪುಸ್ತಕ:
ಅಪ್ಪ ಹೇಳೋದು ತಪ್ಪಲ್ಲ. ರಾಜ್ಯ ಸರ್ಕಾರದ ಎಇ (ಸಹಾಯಕ ಎಂಜಿನಿಯರ್) ಹುದ್ದೆಗೆ ಹಳೇ ಸ್ಕೇಲೇ 43,100ರಿಂದ ಶುರುವಾಗ್ತಿತ್ತು, 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಸಂಬಳ ಬಂದ ಮೇಲೆ ಇನ್ನೂ ಏರಿದೆ. ಆದರೆ ಅರ್ಜಿ ಕರೆದ ದಿನದಿಂದ ಆದೇಶ ಕೈಗೆ ಬರೋವರೆಗೆ ನನಗೆ ಮೂರು ವರ್ಷ ಹಿಡಿಯಿತು. ಕೆಲಸ ಬಿಟ್ಟು ವಿಜಯನಗರದ ಪಿಜಿಯಲ್ಲಿ ಕೂತು ಕೋಚಿಂಗ್‌ಗೆ ಹೋಗಬೇಡಿ. ಸಂಬಳ ಬರ್ತಾ ಇರಲಿ, ರಾತ್ರಿ ಒಂದು ತಾಸು ಓದಿ. ಸ್ಲ್ಯಾಬ್ ದಿನ ಬಿಟ್ಟು 😀

ಗೇಟ್‌ಬಾಗಿಲು:
ಎಂಟೆಕ್ ಬೇಕಿದ್ದರೆ ಗೇಟ್ ಪ್ರವೇಶ ಪರೀಕ್ಷೆ ಬರೆದು ಸುರತ್ಕಲ್ ಎನ್‌ಐಟಿಯಂಥ ಕಡೆ ಸೇರಿ, ತಿಂಗಳಿಗೆ 12,400 ಸ್ಟೈಪೆಂಡ್ ಬರುತ್ತದೆ. ಸಾಲ ಮಾಡಿ ಸೀಟು ತಗೊಂಡು ಮಾಡೋದಾದ್ರೆ ಸುಮ್ನೆ ಬಿಡಿ.

ಸೈಟ್‌ಹುಡುಗ:
@ಅಳತೆಟೇಪು ಸಾರ್, ನಿಜ ಹೇಳ್ತೀನಿ, ಬಿಬಿಎಸ್ ನಮ್ಮಲ್ಲಿ ಬಾರ್ ಬೆಂಡರೇ ಹಾಕ್ತಾರೆ, ನಾನು ಸಹಿ ಮಾಡ್ತಿದ್ದೆ ಅಷ್ಟೇ. ಏಳನೇ ಮಹಡಿಗೆ ಇನ್ನೂ ಕಂಬಿ ಕಟ್ ಮಾಡಿಲ್ಲ. ಇವತ್ತು ರಾತ್ರಿ ನಾನೇ ತೆಗೆದು ಅವರ ಲೆಕ್ಕದ ಪಕ್ಕ ಇಟ್ಟು ನೋಡ್ತೇನೆ. ತಪ್ಪಿದ್ದರೆ ಇಲ್ಲೇ ಹಾಕ್ತೀನಿ, ಬೈಬೇಡಿ.