ಮೌಂಟ್ ಸ್ಮಾರ್ಟ್‌ನಲ್ಲಿ ಮೌಂಟ್ ಎಲ್ಲಿ?

ಪ್ರಶ್ನೆ: ಗುಂಪಿನಲ್ಲಿ ಭೂವಿಜ್ಞಾನ ಓದಿದವರಿದ್ದರೆ ಹೇಳಿ. ನಾನು ಆಕ್ಲೆಂಡಿಗೆ ಬಂದು ಆರು ತಿಂಗಳಾಯಿತು. ಮೊನ್ನೆ ಮೌಂಟ್ ಸ್ಮಾರ್ಟ್ ಸ್ಟೇಡಿಯಂಗೆ ರಗ್ಬಿ ಲೀಗ್ ಪಂದ್ಯ ನೋಡಲು ಹೋಗಿದ್ದೆ. ಹೆಸರಲ್ಲಿ ಬೆಟ್ಟ ಇದೆ, ಅಲ್ಲಿ ಬೆಟ್ಟ ಅನ್ನುವಂಥದ್ದೇನೂ ಕಾಣಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿ, "ನೀನು ಕೂತಿರೋದೇ ಜ್ವಾಲಾಮುಖಿ ಮೇಲೆ" ಅಂತ ನಕ್ಕ. ನಿಜಾನಾ, ಸುಮ್ನೆ ಕಾಲೆಳೆದನಾ?

ಉತ್ತರ: ನಿಜ. ನಾನು ಭೂವಿಜ್ಞಾನಿ. ರಸ್ತೆಗೆ ಹಾಕುವ ಕಲ್ಲು ಪರೀಕ್ಷಿಸುವುದೇ ನನ್ನ ಕೆಲಸ, ಹಾಗಾಗಿ ಈ ಕಥೆಯಲ್ಲಿ ನಾನೂ ಸ್ವಲ್ಪ ಆರೋಪಿಯೇ!

ಅಲ್ಲಿ 87 ಮೀಟರ್ ಎತ್ತರದ ಗುಡ್ಡವಿತ್ತು. ಸುಮಾರು 20,000 ವರ್ಷಗಳ ಹಿಂದೆ ಸಿಡಿದು ಆರಿದ ಪುಟ್ಟ ಜ್ವಾಲಾಮುಖಿ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳಿಗೆ ಅದು ರಾರೊಟೊಂಗಾ. ಗುಡ್ಡದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕೋಟೆ ಮಾಡಿಕೊಂಡಿದ್ದರು. ಆಮೇಲೆ ನಗರ ಬೆಳೆಯಿತು, ಗುಡ್ಡ ರೈಲು ಹಳಿಗೂ ರಸ್ತೆಗೂ ಹೋಯಿತು. ಅಗೆದುಳಿದ ಕ್ವಾರಿ ಹಳ್ಳದಲ್ಲೇ 1967ರಲ್ಲಿ ಸ್ಟೇಡಿಯಂ ಶುರುವಾಯಿತು. 1990ರ ಕಾಮನ್‌ವೆಲ್ತ್ ಕ್ರೀಡಾಕೂಟ ಉದ್ಘಾಟನೆಯಾದದ್ದೂ ಅಲ್ಲೇ.

ಆ ಗುಡ್ಡವೇ ಯಾಕೆ ಬೇಕಾಯಿತು? ಅದು ಗಟ್ಟಿ ಬಂಡೆಯಲ್ಲ, ಸ್ಕೋರಿಯಾ ರಾಶಿ. ಗ್ಯಾಸ್ ತುಂಬಿದ ಲಾವಾ ಕಾರಂಜಿಯಂತೆ ಚಿಮ್ಮಿ, ಗಾಳಿಯಲ್ಲೇ ಆರಿ, ಉದುರಿ ಗುಡ್ಡೆಯಾಗುತ್ತದೆ. ಒಂದು ತುಂಡು ಕೈಗೆತ್ತಿಕೊಂಡು ನೋಡಿ. ಸೆಟ್ ದೋಸೆಯ ಮೇಲ್ಭಾಗದಂತೆ ತೂತೋ ತೂತು, ಅಂಗೈಗೆ ಚುಚ್ಚುತ್ತದೆ, ನೋಡಿದ್ದಕ್ಕಿಂತ ಹಗುರ. ಬಿಸಿ ಇರುವಾಗಲೇ ಒಳಗಿನ ಕಬ್ಬಿಣಕ್ಕೆ ಗಾಳಿ ತಾಗಿ ಇಟ್ಟಿಗೆ ಬಣ್ಣ. ಹೆಚ್ಚಿನದು ಸಡಿಲವಾಗಿಯೇ ಇರುತ್ತದೆ, ಗುದ್ದಲಿ ಹಾಕಿದರೆ ಬರುತ್ತದೆ. ನೀರೂ ನಿಲ್ಲುವುದಿಲ್ಲ. ಊರ ಪಕ್ಕದಲ್ಲೇ ಇಂಥ ಮಾಲು ಸಿಕ್ಕರೆ ಕಂಟ್ರಾಕ್ಟರ್ ಬಿಡುತ್ತಾನಾ?

ಇದೊಂದೇ ಅಲ್ಲ. ತ್ರೀ ಕಿಂಗ್ಸ್ ಅನ್ನುವ ಕಡೆ ಮೂರು ದೊಡ್ಡ ಶಿಖರಗಳಿದ್ದವು. ಈಗ ಬಿಗ್ ಕಿಂಗ್ ಒಂದೇ ಉಳಿದಿದೆ, ಅದರ ತಲೆಯ ಮೇಲೂ ನೀರಿನ ಟ್ಯಾಂಕ್.

ಇನ್ನೊಬ್ಬರ ಪ್ರಶ್ನೆ: ಸರ್, ಆರಿದ್ದು ಅಂದ್ರಿ. ಮತ್ತೆ ಸಿಡಿಯಲ್ಲ ಅಲ್ವಾ? ಮಗಳು ಅಲ್ಲೇ ಓದುತ್ತಿದ್ದಾಳೆ.

ಉತ್ತರ: ಆ ಗುಡ್ಡ ಮತ್ತೆ ಸಿಡಿಯುವ ಸಾಧ್ಯತೆ ಬಹಳ ಕಡಿಮೆ. ಇಲ್ಲಿಯ ಜ್ವಾಲಾಮುಖಿಗಳು ಸಾಮಾನ್ಯವಾಗಿ ಒಂದು ಸಲ ಸಿಡಿದು ಮುಗಿಯುತ್ತವೆ. ಆದರೆ ಆಕ್ಲೆಂಡಿನಲ್ಲಿ ಇಂಥವು ಐವತ್ತಕ್ಕೂ ಜಾಸ್ತಿ ಇವೆ, ಕೆಳಗಿನ ಒಲೆ ಪೂರ್ತಿ ಆರಿಲ್ಲ. ಕೊನೆಯದು, ಸಮುದ್ರದಲ್ಲಿರುವ ರಂಗಿಟೊಟೊ, ಎದ್ದು ಸುಮಾರು 600 ವರ್ಷವಾಯಿತು ಅಷ್ಟೇ. ಮುಂದಿನದು ಹೊಸ ಜಾಗದಲ್ಲಿ ಏಳಬಹುದು. ಅದಕ್ಕೇ ನೆಲದ ಕಂಪನವನ್ನು ಸದಾ ಗಮನಿಸುತ್ತಿರುತ್ತಾರೆ. ಮಗಳು ನೆಮ್ಮದಿಯಾಗಿ ಓದಲಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಸರ್. ಒಡೆಯದೆ ಉಳಿದ ಗುಡ್ಡ ನೋಡಬೇಕೆಂದರೆ? ಇನ್ನೊಂದು, ನಮ್ಮ ಬಾಡಿಗೆ ಮನೆ ಅಂಗಳದಲ್ಲೂ ಇದೇ ಕೆಂಪು ಕಲ್ಲು ಹರಡಿದ್ದಾರೆ! ಯಾವ ಬೆಟ್ಟದ್ದು ಅಂತ ಗೊತ್ತಾಗುತ್ತಾ?

ಉತ್ತರ: ಮೌಂಗಾಫೌಗೆ ಹೋಗಿ, ಅದೇ ಮೌಂಟ್ ಈಡನ್. ಸುಮಾರು 50 ಮೀಟರ್ ಆಳದ ಬಾಯಿ ಹಾಗೇ ಇದೆ. ಮಾವೊರಿಗಳಿಗೆ ಪವಿತ್ರ ಜಾಗ, ಒಳಗೆ ಇಳಿಯಬೇಡಿ. ಅಂಗಳದ ಕಲ್ಲಿನ ಊರು ಬರೀ ಕಣ್ಣಿಗೆ ತಿಳಿಯಲ್ಲ, ಲ್ಯಾಬ್ ಬೇಕು. ಆದರೆ ಗುಡಿಸುವಾಗ ಎರಡೂ ತುದಿ ತಿರುಚಿಕೊಂಡ, ನುಣುಪಾದ ಉದ್ದ ಕಲ್ಲು ಸಿಕ್ಕರೆ ಎಸೆಯಬೇಡಿ, ಫೋಟೊ ಹಾಕಿ. ಗಾಳಿಯಲ್ಲಿ ಗಿರಗಿರ ತಿರುಗುತ್ತಾ ಬಿದ್ದ ಲಾವಾ ಉಂಡೆ ಇರಬಹುದು.