ಎರೆ ಮಣ್ಣಿನಲ್ಲಿ ಸ್ಟ್ರಾಬೆರಿ: ಎಲೆ ಯಾಕೆ ಹಳದಿ, ಹೂ ಯಾಕಿಲ್ಲ?

ಪ್ರಶ್ನೆ (ಮುಧೋಳದಿಂದ): ನಮಸ್ಕಾರ ಸರ್. ಆಗಸ್ಟ್ ಕೊನೆಗೆ ಮಹಾಬಳೇಶ್ವರದ ಕಡೆಯಿಂದ 200 ಸ್ಟ್ರಾಬೆರಿ ಸಸಿ ತಂದು ಮನೆ ಹಿಂದಿನ ಎರೆ ಹೊಲದಲ್ಲಿ ಹಚ್ಚಿದೆ. ಈಗ ನವೆಂಬರ್ ಬಂತು. ಎಳೆ ಎಲೆಗಳು ಹಳದಿ ಆಗಿವೆ, ನರ ಮಾತ್ರ ಹಸಿರು. ಸುಮಾರು 40 ಸಸಿ ಕೊಳೆತೇ ಹೋದವು. ಉಳಿದವು ಬರೀ ಬಳ್ಳಿ ಬಿಡುತ್ತಿವೆ, ಹೂ ಇಲ್ಲ. ನಮ್ಮ ಬಿಸಿಲಿಗೆ ಈ ಬೆಳೆ ಆಗೋದೇ ಇಲ್ವಾ?

ಉತ್ತರ (ತೋಟಗಾರಿಕೆ ತಜ್ಞ): ಆಗುತ್ತೆ ರೀ, ಧೈರ್ಯ ಬಿಡಬೇಡಿ. ಬಿಸಿಲಿಗಿಂತ ಮೊದಲು ಮಣ್ಣು ನೋಡೋಣ. ನರ ಹಸಿರು, ಉಳಿದದ್ದು ಹಳದಿ ಅಂದರೆ ಕಬ್ಬಿಣದ ಕೊರತೆ. ಎರೆ ಮಣ್ಣಿನಲ್ಲಿ ಸುಣ್ಣ ಜಾಸ್ತಿ, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 8ರ ಆಸುಪಾಸು. ಸ್ಟ್ರಾಬೆರಿಗೆ ಬೇಕಾದ್ದು 5.5ರಿಂದ 6.5. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅಂಗಡಿಯ ಕಬ್ಬಿಣದ ಗೊಬ್ಬರದಲ್ಲಿ ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುವ ರಾಸಾಯನಿಕ ಇರುತ್ತೆ. ಇಡಿಟಿಎ ಅನ್ನುವ ರಾಸಾಯನಿಕದ ಕಬ್ಬಿಣ ಇಂಥ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಇಡಿಡಿಎಚ್‌ಎ ಅಂತಲೇ ಕೇಳಿ ತಗೊಂಡು ಬುಡಕ್ಕೆ ಕೊಡಿ.

ಇನ್ನು ಕೊಳೆತದ್ದು. ಎಲೆ ದಂಟುಗಳೆಲ್ಲ ಒಂದೇ ಕಡೆಯಿಂದ ಹೊರಡುವ ಗಿಡ್ಡ ಕಾಂಡ ಇದೆಯಲ್ಲ, ಅದಕ್ಕೆ ಕ್ರೌನ್ ಅಂತಾರೆ. ಅದರ ಸುಳಿ ಮಣ್ಣಿನ ಮೇಲೇ ಇರಬೇಕು. ಮಳೆಗೆ ಎರೆ ಮಣ್ಣು ಜರಿದು ಸುಳಿ ಮುಚ್ಚಿದರೆ ಕೊಳೆ ಶುರು. ಬಾಡಿದ ಒಂದು ಸಸಿ ಕಿತ್ತು, ಕ್ರೌನನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿ. ಒಳಗೆ ಬೆಳ್ಳಗಿದ್ದರೆ ಗಟ್ಟಿ ಇದೆ. ಕೆಂಪು-ಕಂದು ಬಣ್ಣ ಕಂಡರೆ ಅಂಥವನ್ನು ಬೇರು ಸಮೇತ ತೆಗೆದು ದೂರ ಎಸೆಯಿರಿ. ಉಳಿದ ಸಸಿಗಳ ಸುಳಿ ಮೇಲಿನ ಮಣ್ಣನ್ನು ಇವತ್ತೇ ಬೆರಳಿನಿಂದ ಸರಿಸಿ.

ಹೂವಿನ ಚಿಂತೆ ಬೇಡ. ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕಮರೋಸಾ ಇವೆಲ್ಲ ಹಗಲು ಗಿಡ್ಡಾಗಿ ರಾತ್ರಿ ತಂಪಾದಾಗ ಮೊಗ್ಗು ಕಟ್ಟುವ ತಳಿಗಳು. ಸೆಕೆಯಲ್ಲಿ ಹಚ್ಚಿದರೆ ಬಳ್ಳಿ ಬಿಡುವುದೇ ಅವುಗಳ ಸ್ವಭಾವ. ವಾರಕ್ಕೊಮ್ಮೆ ಬಳ್ಳಿ ಕತ್ತರಿಸಿ. ಹೂ ಅರಳಿದ ಸುಮಾರು ಒಂದು ತಿಂಗಳಿಗೆ ಹಣ್ಣು.

ಪ್ರಶ್ನೆ (ಅವರೇ): ನೀರು ಬೋರ್‌ನದ್ದು ಸರ್, ಸ್ವಲ್ಪ ಸವಳು. ನಡೆಯುತ್ತಾ?

ಉತ್ತರ: ಇದನ್ನ ಮೊದಲೇ ಹೇಳಬೇಕಿತ್ತು ನೀವು. ಉಪ್ಪು ತಡೆಯುವ ಶಕ್ತಿ ಈ ಗಿಡಕ್ಕೆ ತುಂಬಾ ಕಡಿಮೆ. ಎಲೆ ಅಂಚು ಸುಟ್ಟಂತೆ ಕಂದಾದರೆ ಅದೇ ಗುರುತು. ನೀರಿನ ಇಸಿ (ಎಷ್ಟು ಉಪ್ಪಿದೆ ಅಂತ ತೋರಿಸುವ ವಿದ್ಯುತ್ ವಾಹಕತೆಯ ಅಳತೆ) ಪರೀಕ್ಷೆ ಮಾಡಿಸಿ, 1 ಡಿಎಸ್/ಮೀಟರ್‌ಗಿಂತ ಕೆಳಗಿದ್ದರೆ ಒಳ್ಳೆಯದು. ಮುಂದಿನ ವರ್ಷ ನೆಲದ ಗೊಡವೆ ಬಿಟ್ಟು ಗ್ರೋ ಬ್ಯಾಗ್‌ನಲ್ಲಿ ಹಚ್ಚಿ. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಸ್ವಲ್ಪ ಮಸಾರಿ ಮಣ್ಣು ಸಾಕು. ಮಳೆ ನೀರು ಹಿಡಿದಿಟ್ಟರೆ ಇನ್ನೂ ಚೆಂದ.

ಪ್ರಶ್ನೆ (ಖಾನಾಪುರದಿಂದ): ಸರ್, ನಮ್ಮದು ಕೆಂಪು ಮಣ್ಣು, ಮಳೆ ಜಾಸ್ತಿ. ಯಾವಾಗ ಹಚ್ಚಬೇಕು?

ಉತ್ತರ: ನಿಮ್ಮ ಜಾಗ ಇದಕ್ಕೆ ಒಳ್ಳೆಯದು ಅಕ್ಕಾರೆ. ಮಳೆ ಹಿಂದೆ ಸರಿದ ಮೇಲೆ, ದಸರಾ ಹೊತ್ತಿಗೆ ಹಚ್ಚಿ. ಏರು ಮಡಿ, ಅದರ ಮೇಲೆ ಮಲ್ಚಿಂಗ್ ಹಾಳೆ, ಕೆಳಗೆ ಡ್ರಿಪ್, ಸಸಿಯಿಂದ ಸಸಿಗೆ ಒಂದು ಅಡಿ. ಹಣ್ಣು ಮಣ್ಣಿಗೆ ತಾಗಬಾರದು.

ಪ್ರಶ್ನೆ (ವಿಜಯಪುರದಿಂದ): ಬೇಸಿಗೆಯಲ್ಲಿ ಗಿಡ ಉಳಿಸಿಕೊಳ್ಳಬಹುದಾ ಸರ್?

ಉತ್ತರ: ಶೇಡ್ ನೆಟ್ ಕೆಳಗೆ ಉಳಿಸಬಹುದು, ಆದರೆ ನಿಮ್ಮ ಏಪ್ರಿಲ್-ಮೇ ಬಿಸಿಲಿಗೆ ಬಹಳ ಸೊರಗುತ್ತವೆ. ಮಾರ್ಚ್‌ವರೆಗೆ ಹಣ್ಣು ತಿಂದು, ಪ್ರತಿ ವರ್ಷ ಹೊಸ ಸಸಿ ತನ್ನಿ ಅಂತಲೇ ನಾನು ಹೇಳೋದು.

ಮುಧೋಳದವರೆ, ಸೀಳಿದ ಕ್ರೌನಿನ ಫೋಟೋ ಹಾಕಿ, ಹಗಲು ಬೆಳಕಲ್ಲಿ ತೆಗೆದದ್ದು.