ಫೋನ್ ರಿಸೆಟ್ ಮಾಡಿದರೆ ಇ-ಸಿಮ್ ಹೋಗಿಬಿಡುತ್ತಾ?

ಪ್ರಶ್ನೆ (ಹಾಸನದ ಸದಸ್ಯೆ):
ಸರ್, ನಮಸ್ಕಾರ. ನನ್ನ ಪಿಕ್ಸೆಲ್ ಫೋನ್ ತುಂಬಾ ಸ್ಲೋ ಆಗಿದೆ, ಆಗಾಗ ಹ್ಯಾಂಗ್ ಆಗುತ್ತದೆ. ಫ್ಯಾಕ್ಟರಿ ರಿಸೆಟ್ ಮಾಡೋಣ ಅಂದುಕೊಂಡಿದ್ದೇನೆ. ಆದರೆ ನನ್ನದು ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್. ಕಾರ್ಡ್ ಆಗಿದ್ದರೆ ತೆಗೆದು ಪಕ್ಕಕ್ಕಿಡುತ್ತಿದ್ದೆ. ಬ್ಯಾಂಕು, ಆಧಾರ್ ಎಲ್ಲಾ ಇದೇ ನಂಬರಿಗೆ ಸೇರಿಸಿದ್ದೇನೆ. ಇ-ಸಿಮ್ ಹಾಕಿಕೊಳ್ಳಲು ಮೊದಲು ಬಂದಿದ್ದ ಕ್ಯೂಆರ್ ಕೋಡ್‌ನ ಫೋಟೊ ಇದೆ. ಅಷ್ಟು ಸಾಕಾ?

ಉತ್ತರ (ಮೊಬೈಲ್ ರಿಪೇರಿ ಮಾಡುವವರು, ದಾವಣಗೆರೆ):
ಮೇಡಂ, ಮೊದಲು ಆ ಫೋಟೊ ವಿಷಯ. ಅದನ್ನು ನಂಬಿಕೊಳ್ಳಬೇಡಿ. ಇ-ಸಿಮ್ ಕ್ಯೂಆರ್ ಸಾಮಾನ್ಯವಾಗಿ ಒಂದೇ ಸಲ ಕೆಲಸ ಮಾಡುತ್ತದೆ. ನೀವು ಆಗಲೇ ಅದನ್ನು ಬಳಸಿ ಆಗಿದೆ.

ಇನ್ನು ರಿಸೆಟ್. ಫೋಟೊ, ಆಪ್, ಮೆಸೇಜ್ ಇರುವ ಜಾಗವೇ ಬೇರೆ, ಇ-ಸಿಮ್ ಇರುವ ಜಾಗವೇ ಬೇರೆ. ಅದಕ್ಕೆ ಫೋನಿನ ಬೋರ್ಡ್ ಮೇಲೆ ಬೆಸುಗೆ ಹಾಕಿದ ಪ್ರತ್ಯೇಕ ಚಿಪ್ ಇದೆ. ರಿಸೆಟ್ ಮಾಡಿದಾಗ ಮೊದಲನೆಯದು ಪೂರ್ತಿ ಅಳಿಯುತ್ತದೆ. ಚಿಪ್‌ನಲ್ಲಿರುವ ಇ-ಸಿಮ್ ನೀವು ಅಳಿಸು ಅಂತ ಹೇಳಿದರೆ ಮಾತ್ರ ಹೋಗುತ್ತದೆ. ಪಿಕ್ಸೆಲ್‌ನಲ್ಲಿ ರಿಸೆಟ್ ಒತ್ತುವ ಪುಟದಲ್ಲೇ ಇ-ಸಿಮ್ ಅಳಿಸಬೇಕಾ ಅಂತ ಒಂದು ಟಿಕ್ ಬಾಕ್ಸ್ ಬರುತ್ತದೆ. ಅದನ್ನು ಖಾಲಿ ಬಿಡಿ. ಐಫೋನ್‌ನಲ್ಲೂ ಇಟ್ಟುಕೊಳ್ಳುವುದಾ, ಅಳಿಸುವುದಾ ಅಂತ ಕೇಳುತ್ತದೆ. ಜನ ಎಡವುವುದು ಇಲ್ಲೇ. ಎಲ್ಲಾ ಕ್ಲೀನ್ ಆಗಲಿ ಅಂತ ಕಂಡಿದ್ದಕ್ಕೆಲ್ಲಾ ಟಿಕ್ ಹಾಕುತ್ತಾರೆ.

ಆಮೇಲೆ ಸಿಗ್ನಲ್ ಬರದಿದ್ದರೆ ಗಾಬರಿ ಬೇಡ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಆಫ್ ಆಗಿದೆಯಾ ನೋಡಿ, ಆನ್ ಮಾಡಿ. ಇನ್ನೊಂದು ಮಾತು, ಕಾಂಟ್ಯಾಕ್ಟ್ ನಂಬರ್‌ಗಳು ಗೂಗಲ್ ಅಕೌಂಟಿನಲ್ಲಿ ಸೇವ್ ಆಗಿವೆಯಾ ಅಂತ ಇವತ್ತೇ ನೋಡಿಕೊಳ್ಳಿ. ಅವು ಇ-ಸಿಮ್‌ನಲ್ಲಿ ಇರುತ್ತವೆ ಅಂದುಕೊಳ್ಳಬೇಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಅಣ್ಣಾ, ನಾನು ನಿನ್ನೆ ಆ ಟಿಕ್ ಹಾಕಿಯೇ ರಿಸೆಟ್ ಮಾಡಿಬಿಟ್ಟೆ. ಈಗ ನಂಬರ್ ಇಲ್ಲ. ರೀಚಾರ್ಜ್ ಮಾಡಿಸಿ ವಾರವೂ ಆಗಿಲ್ಲ. ಎಲ್ಲಾ ಹೋಯ್ತಾ?

ಉತ್ತರ:
ಏನೂ ಹೋಗಿಲ್ಲ ತಮ್ಮಾ. ನಂಬರೂ ರೀಚಾರ್ಜೂ ಕಂಪನಿಯ ಲೆಕ್ಕದಲ್ಲಿ ಹಾಗೇ ಇವೆ. ಫೋನಿನಲ್ಲಿದ್ದ ಪ್ರೊಫೈಲ್, ಅಂದರೆ ಚಿಪ್‌ಗೆ ಇಳಿಸಿದ್ದ ಸಿಮ್‌ನ ಮಾಹಿತಿ, ಅಷ್ಟೇ ಅಳಿದಿದೆ. ಅದನ್ನು ಮತ್ತೆ ಇಳಿಸಿಕೊಳ್ಳಬೇಕು.

ಕಷ್ಟ ಇರುವುದು ಬೇರೆ ಕಡೆ. ಇ-ಸಿಮ್ ಬೇಕು ಅಂತ ಏರ್‌ಟೆಲ್‌ನವರು 121ಕ್ಕೆ, ಜಿಯೋದವರು 199ಕ್ಕೆ ಮೆಸೇಜ್ ಕಳಿಸಬೇಕು. ಅದೂ ಅದೇ ನಂಬರಿನಿಂದ! ಆ ನಂಬರೇ ಈಗ ಸತ್ತಿದೆ, ಮೆಸೇಜ್ ಹೋಗುವುದು ಹೇಗೆ? ಆದ್ದರಿಂದ ಸುಮ್ನೆ ಮನೆಯಲ್ಲಿ ಕೂತು ತಲೆ ಕೆಡಿಸಿಕೊಳ್ಳಬೇಡಿ. ಆಧಾರ್ ಹಿಡಿದುಕೊಂಡು, ಯಾರ ಹೆಸರಲ್ಲಿ ಸಿಮ್ ಇದೆಯೋ ಅವರೇ ಕಂಪನಿಯ ಸ್ಟೋರಿಗೆ ಹೋಗಿ. ಫೋನನ್ನೂ ತೆಗೆದುಕೊಂಡು ಹೋಗಿ, *#06# ಒತ್ತಿದರೆ 32 ಅಂಕಿಯ ಇಐಡಿ (ಇ-ಸಿಮ್ ಚಿಪ್‌ನ ಗುರುತಿನ ಸಂಖ್ಯೆ) ಕಾಣುತ್ತದೆ, ಅವರು ಕೇಳಬಹುದು. ಪ್ರೊಫೈಲ್ ಇಳಿಸಲು ಇಂಟರ್‌ನೆಟ್ ಬೇಕು, ಜೊತೆಯವರ ಹಾಟ್‌ಸ್ಪಾಟ್ ಇದ್ದರೂ ಸಾಕು.

ಒಂದು ಎಚ್ಚರಿಕೆ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸಿಮ್ ಕದ್ದು ದುಡ್ಡು ಎಗರಿಸುವುದನ್ನು ತಡೆಯಲು ದೂರಸಂಪರ್ಕ ಇಲಾಖೆ ತಂದ ನಿಯಮ ಇದು. ಅಂದರೆ ಬ್ಯಾಂಕ್ ಓಟಿಪಿ ಬರಲ್ಲ. ನಮ್ಮ ಅಂಗಡಿಗೆ ಒಬ್ಬ ತಾಯಿ ಇದೇ ಗೋಳು ಹೇಳಿಕೊಂಡು ಬಂದಿದ್ದರು. ಮಗಳ ಕಾಲೇಜು ಫೀಸಿಗೆ ಅಂದೇ ಕೊನೆ ದಿನ. ಕೊನೆಗೆ ಅವರ ತಮ್ಮ ತನ್ನ ಖಾತೆಯಿಂದ ಕಟ್ಟಿದ. ನಿಮಗೂ ಅಂಥ ತುರ್ತು ಇದ್ದರೆ ಈಗಲೇ ಮನೆಯವರಿಗೆ ಹೇಳಿಡಿ. ವಾಟ್ಸಾಪ್‌ಗೆ ಮೆಸೇಜ್ ಬದಲು ಕರೆಯ ಮೂಲಕ ಕೋಡ್ ಪಡೆಯಬಹುದು, ಕರೆಗಳಿಗೆ ಆ ತಡೆ ಇಲ್ಲ.

ಪ್ರಶ್ನೆ (ಹಾಸನದ ಸದಸ್ಯೆ):
ಸರ್, ತುಂಬಾ ಥ್ಯಾಂಕ್ಸ್. ಹಾಗಾದರೆ ಟಿಕ್ ಯಾವಾಗಲೂ ಖಾಲಿ ಬಿಡಬೇಕಾ? ನಮ್ಮ ಯಜಮಾನರು ಹಳೆ ಫೋನ್ ಮಾರುತ್ತಿದ್ದಾರೆ. ಅದರಲ್ಲೂ ಇ-ಸಿಮ್ ಇದೆ.

ಉತ್ತರ:
ಅಯ್ಯೋ, ಮಾರುವ ಫೋನಿಗೆ ಬೇಡ ಮೇಡಂ! ಅಲ್ಲಿ ಉಲ್ಟಾ. ಇ-ಸಿಮ್ ಉಳಿಸಿ ಕೊಟ್ಟರೆ, ಕೊಂಡವರ ಕೈಗೆ ನಿಮ್ಮವರ ನಂಬರೇ ಹೋದಂತೆ. ಓಟಿಪಿ ಅವರಿಗೇ ಬರುತ್ತದೆ. ಮೊದಲು ಹೊಸ ಫೋನಿಗೆ ನಂಬರ್ ಹಾಕಿಸಿ. ಅದರಿಂದ ಒಂದು ಕರೆ ಮಾಡಿ ನೋಡಿ. 24 ಗಂಟೆ ಕಳೆದು ಒಂದು ಓಟಿಪಿ ಬಂದ ಮೇಲೆ ಹಳೆಯದರಲ್ಲಿ ಗೂಗಲ್ ಅಕೌಂಟ್ ತೆಗೆದು, ಇ-ಸಿಮ್‌ಗೂ ಟಿಕ್ ಹಾಕಿ ರಿಸೆಟ್ ಮಾಡಿ. ಕೊಳ್ಳುವವರು ಅವಸರ ಮಾಡಿದರೆ ಒಂದು ದಿನ ಕಾಯಿಸಿ, ಪರವಾಗಿಲ್ಲ.